ಹಗೇವಿನ ಮುಚ್ಚಳ ಯಾವ ವಿಮಾನದ್ದು? ಚಿತ್ರದುರ್ಗದ ಕಡೆಯ ಒಂದು ಪ್ರಕರಣ

ಚಿತ್ರದುರ್ಗ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿನ ಒಂದು ಮನೆಯ ಹಿತ್ತಿಲಲ್ಲಿ ನೀರಿನ ಪೈಪು ಹಾಕಲು ಅಗೆದಾಗ ಹಳೆಯ ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ, ಸಿಕ್ಕಿತು. ಅದರ ಬಾಯಿಗೆ ಕಲ್ಲುಚಪ್ಪಡಿಯ ಬದಲು ಒಂದು ಅಲ್ಯೂಮಿನಿಯಂ ತಗಡು. ಉದ್ದ ಹತ್ತಿರ ಹತ್ತಿರ ಎರಡೂವರೆ ಅಡಿ, ಅಗಲ ಎರಡು ಅಡಿ. ಸಾಲುಸಾಲಾಗಿ ರಿವೆಟ್ಟುಗಳು. ತಗಡಿನ ಜೊತೆಗೇ ಮನೆಯಲ್ಲಿ ಓಡಾಡುತ್ತಿದ್ದ ಮಾತೂ ಮೇಲೆ ಬಂತು: "ಯುದ್ಧದ ಕಾಲದಲ್ಲಿ ಆ ಗುಡ್ಡದ ಮೇಲೆ ವಿಮಾನ ಬಿದ್ದಿತ್ತು, ಇದು ಅದರದ್ದು."

ಮನೆಯ ಹಿರಿಮಗನಿಗೆ ಇದನ್ನು ಊರಿನ ಗ್ರಂಥಾಲಯದಲ್ಲಿ ಇಡಿಸುವ ಆಸೆ. ಬೋರ್ಡಿನ ಒಕ್ಕಣೆಯೂ ತಯಾರಾಗಿತ್ತು. ಬರೆಸುವ ಮೊದಲು ಒಮ್ಮೆ ತೋರಿಸೋಣ ಅಂತ ನನ್ನ ಹತ್ತಿರ ಬಂದರು. ನಾನು ದಾವಣಗೆರೆಯಲ್ಲಿ ಲೇತ್ ವರ್ಕ್‌ಶಾಪಿನವನು. ಹಳೆ ವಿಮಾನದ ತುಂಡುಗಳನ್ನು ಅಳೆದು ಗುರುತು ಹಿಡಿಯುವುದು ನನ್ನ ಹುಚ್ಚು. ತಗಡಿನ ಜೊತೆ ಇನ್ನೆರಡು ವಸ್ತು ತಂದಿದ್ದರು. ಒಂದು ಹಿತ್ತಾಳೆಯ ತೋಟಾ ಕೋಶ. ಇನ್ನೊಂದು, ಹುಡುಗರು ಗುಡ್ಡದ ಮೇಲಿಂದ ಆರಿಸಿ ತಂದ ಬಿಳಿ ಹಲಗೆಯಂಥ ಚೂರು. ಮೂರಕ್ಕೂ ಸೇರಿಸಿ ಒಂದೇ ಕಥೆ ಹೆಣೆದಿದ್ದರು.

ಕಥೆಯನ್ನು ಸುಮ್ನೆ ತಳ್ಳಿಹಾಕುವ ಹಾಗಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಆಕಾಶ ಖಾಲಿ ಇರಲಿಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದರು. ಈಗಿನ ಎಚ್‌ಎಎಲ್ ಬೆಳೆದದ್ದು ಅದರಿಂದಲೇ. 1943ರ ಹೊತ್ತಿಗೆ ಅಮೆರಿಕದ ವಾಯುಪಡೆ ಅದನ್ನು ತನ್ನ ದೊಡ್ಡ ರಿಪೇರಿ ಡಿಪೋ ಮಾಡಿಕೊಂಡಿತ್ತು. ಕ್ಯಾಟಲೀನಾ, ಮಿಚೆಲ್, ಡಕೋಟಾ ವಿಮಾನಗಳೆಲ್ಲ ಅಲ್ಲಿಗೆ ಬಂದು ಹೋಗುತ್ತಿದ್ದವು. ಯಲಹಂಕದಲ್ಲಿ ಬ್ರಿಟಿಷರು ಮಾಸ್ಕಿಟೊ ಯುದ್ಧವಿಮಾನ ಹಾರಿಸುವುದನ್ನು ಕಲಿಸುತ್ತಿದ್ದರು, ಕೋಲಾರದಲ್ಲಿ ಲಿಬರೇಟರ್ ಬಾಂಬರಿನ ತರಬೇತಿ ನಡೆಯುತ್ತಿತ್ತು. ಕಲಿಯುವವರು ಇರುವ ಕಡೆ ಅಪಘಾತ ಜಾಸ್ತಿ. ಅಂಥ ಒಂದು ವಿಮಾನ ದಾರಿ ತಪ್ಪಿ ನಮ್ಮ ಗುಡ್ಡಗಳ ಮೇಲೆ ಬಿದ್ದಿದ್ದರೆ ಆಶ್ಚರ್ಯವೇನಿಲ್ಲ. ಆದರೆ ಆಗಬಹುದಿತ್ತು ಅನ್ನುವುದು ಬೇರೆ, ಈ ತಗಡು ಅದರದ್ದೇ ಅನ್ನುವುದು ಬೇರೆ.

ಮೊದಲು ಸಣ್ಣವೆರಡನ್ನು ಮುಗಿಸೋಣ.

ತೋಟಾ ಕೋಶ .303 ಅಳತೆಯದ್ದು. ಉದ್ದ 56 ಮಿಲಿಮೀಟರ್, ಬುಡದಲ್ಲಿ ಅಂಚು. ಬುಡದ ಮೇಲೆ ಕೆಎಫ್ ಅನ್ನುವ ಎರಡು ಇಂಗ್ಲಿಷ್ ಅಕ್ಷರ. ಅಂದರೆ ಪುಣೆಯ ಖಡ್ಕಿ ಕಾರ್ಖಾನೆಯ ಮಾಲು. ಬ್ರಿಟಿಷ್ ವಿಮಾನಗಳ ಮೆಷಿನ್‌ಗನ್ನಿಗೂ .303 ತೋಟಾನೇ ಹಾಕುತ್ತಿದ್ದರು, ಅದು ನಿಜ. ಆದರೆ ನಮ್ಮ ಪೊಲೀಸರ ಕೈಯಲ್ಲಿ ದಶಕಗಳ ಕಾಲ ಇದ್ದದ್ದೂ ಅದೇ .303 ಬಂದೂಕು ತಾನೇ? ಒಂದೇ ಒಂದು ಖಾಲಿ ಕೋಶದಿಂದ ಏನೂ ಸಾಬೀತಾಗುವುದಿಲ್ಲ. ಗುಡ್ಡದ ಒಂದೇ ಜಾಗದಲ್ಲಿ, ಬೆಂಕಿಗೆ ಸಿಡಿದು ಹೋಳಾದ ಕೋಶಗಳು ರಾಶಿಯಾಗಿ ಸಿಕ್ಕಿದ್ದರೆ ಮಾತು ಬೇರೆ ಇತ್ತು. ಅಮೆರಿಕದ ವಿಮಾನವಾಗಿದ್ದರೆ .50 ಅಳತೆಯವು ಸಿಗಬೇಕು. ಅವು 99 ಮಿಲಿಮೀಟರ್ ಉದ್ದ, ನೋಡಿದ ಕೂಡಲೇ ಗೊತ್ತಾಗುತ್ತವೆ.

ಬಿಳಿ ಚೂರು ನಿಜಕ್ಕೂ ಮಜಾ ಕೊಟ್ಟಿತು. ಎರಡು ಪದರದ ನಡುವೆ ಹಗುರವಾದ ಮರ. ಉಗುರು ಒತ್ತಿದರೆ ಗುಳಿ ಬೀಳುತ್ತದೆ. ಬಾಲ್ಸಾ ಮರ. ಇಂಟರ್ನೆಟ್ ನೋಡಿದ್ದ ಹುಡುಗ ಆಗಲೇ "ಮಾಸ್ಕಿಟೊ!" ಅಂತ ತೀರ್ಪು ಕೊಟ್ಟಿದ್ದ. ಅವನ ಊಹೆಗೆ ಕಾರಣವೂ ಇತ್ತು. ಮಾಸ್ಕಿಟೊದ ಮೈ ಮರದ್ದೇ, ತೆಳು ಪ್ಲೈವುಡ್ ನಡುವೆ ಬಾಲ್ಸಾ ಇಟ್ಟು ಅಂಟಿಸಿದ್ದು. ಆದರೆ ಈ ಚೂರಿನ ಹೊರಪದರ ಪ್ಲೈವುಡ್ ಅಲ್ಲ. ಮುರಿದ ಅಂಚಿಗೆ ಲೆನ್ಸ್ ಹಿಡಿದರೆ ಗಾಜಿನ ಎಳೆಗಳು ಎದ್ದು ಕಾಣುತ್ತಿದ್ದವು. ಫೈಬರ್‌ಗ್ಲಾಸ್. ಬಾಲ್ಸಾವನ್ನು ಫೈಬರ್‌ಗ್ಲಾಸ್ ನಡುವೆ ಇಟ್ಟು ಮಾಡುವ ವಸ್ತು ನಮ್ಮ ಗುಡ್ಡಗಳ ಮೇಲೆ ಬೇಕಾದಷ್ಟಿದೆ: ಗಾಳಿ ಗಿರಣಿಯ ರೆಕ್ಕೆ. ಆ ಗುಡ್ಡದ ಮೇಲೂ ಸಾಲಾಗಿ ನಿಂತಿವೆ. ರಿಪೇರಿ ಮಾಡುವಾಗ ಕತ್ತರಿಸಿ ಎಸೆದ ಚೂರು ಇರಬೇಕು.

ಜಿಲ್ಲೆಯಲ್ಲಿ ಆಕಾಶದಿಂದ ಬಿದ್ದದ್ದಂತೂ ನಿಜವಾಗಿಯೂ ಇದೆ, ಅದು ಈಚಿನದು. ಚಳ್ಳಕೆರೆ ಹತ್ತಿರ ಡಿಆರ್‌ಡಿಒ ಪರೀಕ್ಷಾ ವಲಯ ಬಂದ ಮೇಲೆ, 2019ರ ಸೆಪ್ಟೆಂಬರ್ 17ರಂದು ಜೋಡಿಚಿಕ್ಕೇನಹಳ್ಳಿಯಲ್ಲಿ ರುಸ್ತುಂ-2 ಡ್ರೋನ್ ಬಿತ್ತು. 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯಲ್ಲಿ ತಪಸ್ ಡ್ರೋನ್ ಬಿತ್ತು. ಆ ಫೋಟೋಗಳು ಎಲ್ಲರ ಫೋನಿನಲ್ಲೂ ಓಡಾಡಿದವು. ಅದಾದ ಮೇಲೆ ಊರೂರಲ್ಲಿ ಹಳೆಯ "ವಿಮಾನ ಬಿದ್ದ ಕಥೆ"ಗಳಿಗೆ ಹೊಸ ರೆಕ್ಕೆ ಬಂದಿವೆ. ಹಳೆ ಕಥೆ ಕೇಳುವಾಗ ಇದನ್ನು ಜರಡಿ ಹಿಡಿಯಲೇಬೇಕು.

ಇನ್ನು ತಗಡು.

ನನ್ನ ಕೈಗೆ ಬರುವ ಹೊತ್ತಿಗೆ ಅರ್ಧ ಭಾಗ ಫಳಫಳ ಹೊಳೆಯುತ್ತಿತ್ತು. ಮನೆಯವರು ಪ್ರೀತಿಯಿಂದ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ್ದರು. ಇಂಥ ತುಂಡು ಸಿಕ್ಕವರು ಮೊದಲು ಮಾಡುವ ಕೆಲಸವೇ ಇದು, ಮಾಡಬಾರದ ಕೆಲಸವೂ ಇದೇ. ಬಣ್ಣ, ಶಾಯಿಯ ಅಕ್ಷರ, ಮಡಿಕೆಯೊಳಗಿನ ಮಣ್ಣು, ಎಲ್ಲವೂ ಸಾಕ್ಷಿ. ಅದೃಷ್ಟಕ್ಕೆ ಇನ್ನರ್ಧ ಮಣ್ಣು ಮೆತ್ತಿಕೊಂಡೇ ಇತ್ತು. ಅದನ್ನು ನೀರು, ಮೆತ್ತನೆ ಬ್ರಷ್ಷು, ಇಷ್ಟರಲ್ಲೇ ಬಿಡಿಸಿದೆ. ತಂತಿ ಬ್ರಷ್ಷು, ಥಿನ್ನರ್ ಹತ್ತಿರಕ್ಕೂ ಬಿಡಲಿಲ್ಲ.

ಮೊದಲ ಪ್ರಶ್ನೆ: ಬ್ರಿಟಿಷ್ ಮಾಲೋ, ಅಮೆರಿಕದ್ದೋ? ಇದಕ್ಕೆ ನಂಬರೇ ಬೇಕಾಗಿಲ್ಲ, ರಿವೆಟ್ಟು ಸಾಕು. ಇದರ ರಿವೆಟ್ಟುಗಳ ತಲೆಯ ನಟ್ಟನಡುವೆ ಸೂಜಿಮೊನೆ ಚುಚ್ಚಿದ ಹಾಗೆ ಒಂದು ಗುಳಿ. ಅಮೆರಿಕದಲ್ಲಿ ಎಡಿ ಅಂತ ಕರೆಯುವ ಮಿಶ್ರಲೋಹದ ರಿವೆಟ್ಟಿನ ಗುರುತು ಅದು. ಕಾಂಡದ ದಪ್ಪ 3.2 ಮಿಲಿಮೀಟರ್, ಅಂದರೆ ಒಂದು ಇಂಚಿನ ಎಂಟನೇ ಒಂದು ಭಾಗ. ರಿವೆಟ್ಟಿನಿಂದ ರಿವೆಟ್ಟಿಗೆ ವರ್ನಿಯರ್ ಹಿಡಿದರೆ ಮತ್ತೆ ಮತ್ತೆ 25.4. ತಗಡಿನ ದಪ್ಪ 0.81 ಮಿಲಿಮೀಟರ್, ಇಂಚಿನಲ್ಲಿ 0.032. ಎಲ್ಲ ಇಂಚಿನ ಲೆಕ್ಕ.

ಒಂದು ಅಂಚಿನಲ್ಲಿ ಸ್ಕ್ರೂ ಹಿಡಿಯುವ ನಟ್ಟುಗಳನ್ನು ತಗಡಿಗೇ ರಿವೆಟ್ ಮಾಡಿದ್ದರು. ಇಲ್ಲಿ ಒಂದು ಮೋಸದ ಜಾಗ ಇದೆ. ಅಮೆರಿಕದ 10-32 ಸ್ಕ್ರೂ 4.83 ಮಿಲಿಮೀಟರ್ ದಪ್ಪ. ಬ್ರಿಟಿಷರ 2 ಬಿಎ ಸ್ಕ್ರೂ 4.7. ಮರೆಯ, ಅಂದರೆ ಸ್ಕ್ರೂ ಮೈಮೇಲಿನ ಸುತ್ತುಗೀರಿನ, ಅಂತರವೂ ಬಹಳ ಹತ್ತಿರ, 0.79 ಮತ್ತು 0.81. 2 ಬಿಎ ಸ್ಕ್ರೂ ಹಾಕಿದರೆ ಒಂದೆರಡು ಸುತ್ತು ಹೋಗಿಬಿಡುತ್ತದೆ, "ಸರಿಹೋಯ್ತು, ಬ್ರಿಟಿಷ್" ಅಂದುಕೊಳ್ಳುತ್ತೇವೆ. ವ್ಯತ್ಯಾಸ ಇರುವುದು ಮರೆಯ ಕೋನದಲ್ಲಿ. ಅಮೆರಿಕದ್ದು 60 ಡಿಗ್ರಿ, ಬಿಎ 47.5. ಇಲ್ಲಿ 10-32 ಸ್ಕ್ರೂ ಬೆರಳಲ್ಲೇ ಕೊನೆವರೆಗೆ ಓಡಿತು. ಅಮೆರಿಕದ ಮಾಲು ಅನ್ನುವುದು ಗಟ್ಟಿಯಾಯಿತು.

ಎರಡನೇ ಪ್ರಶ್ನೆ: ಯಾವ ವಿಮಾನ? ಒಳಮೈಯಲ್ಲಿ ಹಳದಿ ಮಿಶ್ರಿತ ಹಸಿರು ಬಣ್ಣ ಅಲ್ಲಲ್ಲಿ ಉಳಿದಿತ್ತು. ತುಕ್ಕು ತಡೆಯುವ ಜಿಂಕ್ ಕ್ರೋಮೇಟ್ ಪ್ರೈಮರ್ ಅದು. ಆ ಕಾಲದ ಅಮೆರಿಕದ ವಿಮಾನಗಳಲ್ಲಿ ಎಲ್ಲೆಲ್ಲೂ ಇದೆ, ಅದರಿಂದ ಮಾದರಿ ಗೊತ್ತಾಗದು. ನಂಬರ್ ಇದ್ದದ್ದು ಅಂಚಿಗೆ ಹೊಲಿದಂತಿದ್ದ ಬಿಗಿಪಟ್ಟಿಯ ಮೇಲೆ. ಬರಿಗಣ್ಣಿಗೆ ಗೀರಿನ ಹಾಗಿತ್ತು. ಕೋಣೆ ಕತ್ತಲು ಮಾಡಿ ಟಾರ್ಚನ್ನು ಪಕ್ಕದಿಂದ, ತಗಡಿಗೆ ತಾಗುವಷ್ಟು ಕೆಳಗೆ ಹಿಡಿದಾಗ ಅಂಕೆಗಳಿಗೆ ನೆರಳು ಬಿತ್ತು. ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದಾಗ ಪೂರ್ತಿ ಬಂತು. ಮೊದಲು 32, ಆಮೇಲೆ ಒಂದು ಅಕ್ಷರ, ಆಮೇಲೆ ಅಂಕೆಗಳು.

ಈ ಮೊದಲ ಅಂಕೆಗಳೇ ಕೀಲಿಕೈ. ಬಹಳ ಕಂಪನಿಗಳು ಬಿಡಿಭಾಗದ ನಂಬರನ್ನು ತಮ್ಮ ವಿನ್ಯಾಸದ ಸಂಖ್ಯೆಯಿಂದಲೇ ಶುರು ಮಾಡುತ್ತಿದ್ದವು. ಸ್ಪಿಟ್‌ಫೈರ್ ಮೊದಲ ಮಾದರಿಯದ್ದು 300. ನಾರ್ತ್ ಅಮೆರಿಕನ್ ಕಂಪನಿಯ ಮಿಚೆಲ್ ಬಾಂಬರಿನ ಮಾದರಿಗಳಲ್ಲಿ 62, 82, 98, 108. ಕರ್ಟಿಸ್ ಪಿ-40ರದ್ದು 87. ಕನ್ಸಾಲಿಡೇಟೆಡ್ ಕಂಪನಿಯ ಕ್ಯಾಟಲೀನಾದ್ದು 28. ಅದೇ ಕಂಪನಿಯ 32 ಅಂದರೆ ಬಿ-24 ಲಿಬರೇಟರ್. ನಾಲ್ಕು ಎಂಜಿನ್ನಿನ ದೊಡ್ಡ ಬಾಂಬರ್, 18 ಸಾವಿರಕ್ಕೂ ಜಾಸ್ತಿ ತಯಾರಾದದ್ದು. ಫೋರ್ಡ್ ಕಾರು ಕಂಪನಿ ಕೂಡ ವಿಲ್ಲೋ ರನ್ ಕಾರ್ಖಾನೆಯಲ್ಲಿ ಇದನ್ನು ಸಾವಿರಗಟ್ಟಲೆ ಮಾಡಿತು.

ಹಿರಿಮಗ ಖುಷಿಯಿಂದ ಎದ್ದೇ ನಿಂತರು. ಕೋಲಾರದಲ್ಲಿ ಲಿಬರೇಟರ್ ತರಬೇತಿ, ಇಲ್ಲಿ ಲಿಬರೇಟರ್ ತಗಡು, ಇನ್ನೇನು ಬೇಕು ಅಲ್ವಾ? ಬೇಕು. ಬಿಡಿಭಾಗದ ನಂಬರ್ ಅಂದರೆ ವಿಮಾನದ ನಂಬರ್ ಅಲ್ಲ. ಅದೇ ನಂಬರಿನ ಪಟ್ಟಿ ಸಾವಿರಾರು ಲಿಬರೇಟರ್‌ಗಳಲ್ಲಿ ಇರುತ್ತದೆ. ಅದು ಬಾಂಬರ್ ಅಂತಲೂ ಹೇಳಲಾಗದು, ಲಿಬರೇಟರಿನದೇ ಸಾಗಣೆ ರೂಪವಾದ ಸಿ-87ರಲ್ಲೂ 32ರ ನಂಬರುಗಳಿವೆ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಎಲ್ಲಿಂದ ಬಂತು ಅಂತ ನಂಬರ್ ಹೇಳುವುದಿಲ್ಲ.

ನನಗೆ ಮೊದಲಿನಿಂದ ಅನುಮಾನ ಇದ್ದದ್ದು ಅಂಚುಗಳ ಮೇಲೆ. ನೆಲಕ್ಕಪ್ಪಳಿಸಿದ ವಿಮಾನದ ತಗಡು ಹಿಂಡಿದ ಒದ್ದೆ ಪಂಚೆಯ ಹಾಗೆ ಇರುತ್ತದೆ. ರಿವೆಟ್ ತೂತುಗಳು ಎಳೆದು ಮೊಟ್ಟೆಯಾಕಾರ ಆಗಿರುತ್ತವೆ, ಹರುಕು ಒಂದು ತೂತಿನಿಂದ ಇನ್ನೊಂದಕ್ಕೆ ಓಡಿರುತ್ತದೆ. ಬೆಂಕಿ ಹತ್ತಿದ್ದರೆ ಅಂಚು ಕರಗಿ ಗುಂಡುಗುಂಡಾಗಿರುತ್ತದೆ. ಈ ಲೋಹ 500 ಡಿಗ್ರಿ ದಾಟಿದರೆ ಕರಗಲು ಶುರು. ಆ ಕರಗಿದ ಗಟ್ಟಿಯಲ್ಲಿ ಅಲ್ಲಿಯದೇ ಕಲ್ಲು, ಮಣ್ಣು ಸಿಕ್ಕಿಕೊಂಡಿರುತ್ತದೆ. ನಮ್ಮ ತಗಡಿನಲ್ಲಿ ಇದಾವುದೂ ಇರಲಿಲ್ಲ. ಒಂದು ಅಂಚು ಕಾರ್ಖಾನೆಯದ್ದು. ಉಳಿದ ಮೂರು ಕತ್ತರಿಯಲ್ಲಿ ಕತ್ತರಿಸಿದವು. ಕತ್ತರಿ ತೆಗೆದು ಮತ್ತೆ ಇಟ್ಟ ಕಡೆಯೆಲ್ಲ ಸಣ್ಣ ಕಚ್ಚು ಸ್ಪಷ್ಟವಾಗಿತ್ತು. ಖಾಲಿ ತೂತುಗಳು ದುಂಡಗೆ, ಸುತ್ತ ಡ್ರಿಲ್ ಗೀರು. ಯಾರೋ ಕೂತು, ರಿವೆಟ್ ತಲೆ ಕೊರೆದು, ಸಾವಧಾನವಾಗಿ ಬಿಚ್ಚಿದ್ದಾರೆ.

ಬಿದ್ದ ವಿಮಾನದಿಂದಲೂ ಹಾಗೆ ಬಿಚ್ಚಬಹುದಲ್ಲ ಅಂದರು ಹಿರಿಮಗ. ನ್ಯಾಯವಾದ ಮಾತು. ಹೆಚ್ಚು ಜಖಂ ಆಗದೆ ನೆಲಕ್ಕಿಳಿದ ವಿಮಾನವಾದರೆ ಸಾಧ್ಯ. ಅದಕ್ಕೆ ಉತ್ತರ ಸಿಕ್ಕಿದ್ದು ಒಳಮೈಯ ತೇಪೆಯಲ್ಲಿ.

ಅಂಗೈ ಅಗಲದ ತೇಪೆ. ಹಳೆಯ ಯಾವುದೋ ಬಿರುಕಿನ ಮೇಲೆ ಹಾಕಿದ್ದು. ರಿವೆಟ್ಟುಗಳು ಸಮ ಅಂತರದಲ್ಲಿ, ತಲೆ ಸಮನಾಗಿ ಕೂತಿವೆ, ತೇಪೆ ಮತ್ತು ತಗಡಿನ ನಡುವೆ ಪ್ರೈಮರ್ ಕೂಡ ಬಳಿದಿದ್ದಾರೆ. ಊರ ಕುಲುಮೆಯ ಕೆಲಸ ಅಲ್ಲ, ಹ್ಯಾಂಗರಿನಲ್ಲಿ ಕೈ ಪಳಗಿದವರ ಕೆಲಸ. ತೇಪೆಯ ಒಂದು ಮೂಲೆಯಲ್ಲಿ ಬಣ್ಣ ಎದ್ದುಹೋಗಿ, ಕೆಳಗೆ ತಗಡು ತಯಾರಿಸಿದವರು ಸಾಲಾಗಿ ಒತ್ತಿದ ಶಾಯಿಯ ಅಕ್ಷರ ಕಾಣುತ್ತಿತ್ತು. ಒದ್ದೆ ಮಾಡಿದಾಗ ಇನ್ನೂ ಚೆನ್ನಾಗಿ ಎದ್ದಿತು. 2024-ಟಿ3.

ಯುದ್ಧದ ಕಾಲದಲ್ಲಿ ಇದೇ ಮಿಶ್ರಲೋಹಕ್ಕೆ 24ಎಸ್-ಟಿ ಅಂತ ಒತ್ತುತ್ತಿದ್ದರು. ಅಮೆರಿಕದ ಅಲ್ಯೂಮಿನಿಯಂ ಉದ್ಯಮ ನಾಲ್ಕಂಕಿಯ ಹೊಸ ಪದ್ಧತಿಗೆ ಬಂದದ್ದು 1954ರಲ್ಲಿ. ಅಲ್ಲಿಂದ 24ಎಸ್ ಅನ್ನುವುದು 2024 ಆಯಿತು. ಅಂದರೆ ಈ ತೇಪೆ 1954ಕ್ಕಿಂತ ಹಿಂದಿನದ್ದಲ್ಲ. ತೇಪೆ ಹಾಕಿದ್ದಾರೆ ಅಂದರೆ ವಿಮಾನ ಇನ್ನೂ ಹಾರುತ್ತಿತ್ತು. 1945ಕ್ಕೆ ಮುಂಚೆ ಗುಡ್ಡಕ್ಕೆ ಬಿದ್ದ ವಿಮಾನಕ್ಕೆ ಯಾರು ತಾನೇ ಹತ್ತು ವರ್ಷ ಬಿಟ್ಟು ತೇಪೆ ಹಾಕುತ್ತಾರೆ?

1954ರ ಮೇಲೆ ನಮ್ಮ ಕಡೆ ಲಿಬರೇಟರ್ ಹಾರಿಸುತ್ತಿದ್ದವರು ಯಾರು? ಭಾರತೀಯ ವಾಯುಪಡೆ. ಇದು ನನಗೆ ಬಹಳ ಇಷ್ಟವಾದ ಇತಿಹಾಸ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಲಿಬರೇಟರ್‌ಗಳ ಹಿಂಡನ್ನೇ ಬಿಟ್ಟು ಹೋಗಿದ್ದರು. ಮತ್ತೆ ಯಾರೂ ಹಾರಿಸಬಾರದು ಅಂತ ಬೇಕಂತಲೇ ಹಾಳು ಮಾಡಿ ಬಿಟ್ಟದ್ದು. ಎಚ್‌ಎಎಲ್‌ನವರು ಅಲ್ಲಿಗೆ ಹೋಗಿ, ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಹಾರುವಷ್ಟು ಮಟ್ಟಿಗೆ ಸರಿ ಮಾಡಿದರು. ಪರೀಕ್ಷಾ ಪೈಲಟ್ ಜಮ್‌ಶೆಡ್ ಮುನ್ಷಿ ಅವನ್ನು ಬೆಂಗಳೂರಿಗೆ ಹಾರಿಸಿ ತಂದರು. ಬೆಂಗಳೂರಿನಲ್ಲಿ ಪೂರ್ತಿ ರಿಪೇರಿಯಾಗಿ 1948ರಿಂದ ವಾಯುಪಡೆಗೆ ಸೇರಿದವು. ಮೊದಲು ಬಾಂಬರ್ ಆಗಿ, ಆಮೇಲೆ ಸಮುದ್ರ ಕಾಯುವ ಕೆಲಸಕ್ಕೆ, 1968ರ ಕೊನೆವರೆಗೂ ಹಾರಿದವು. ಬೇರೆ ದೇಶಗಳು ಗುಜರಿಗೆ ಹಾಕಿದ್ದ ವಿಮಾನ ನಮ್ಮಲ್ಲಿ ಅಷ್ಟು ವರ್ಷ ದುಡಿಯಿತು. ಅದಕ್ಕೇ ಇವತ್ತು ಬ್ರಿಟನ್, ಅಮೆರಿಕ, ಕೆನಡಾ ಮ್ಯೂಸಿಯಂಗಳಲ್ಲಿರುವ ಎಷ್ಟೋ ಲಿಬರೇಟರ್‌ಗಳು ಭಾರತದಿಂದ ಹೋದವು. ಹೊರಗೆ ಹೋಗದೆ ಉಳಿದವು ಹರಾಜಿನಲ್ಲಿ ಕತ್ತರಿಗೆ ಸಿಕ್ಕಿರಬೇಕು.

ಆಮೇಲೆ ಮನೆಯವರನ್ನು ಮತ್ತೆ ಮಾತಾಡಿಸಿದೆ, ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿ. "ವಿಮಾನ ಬಿದ್ದದ್ದು ಗೊತ್ತಾ?" ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. "ಈ ತಗಡನ್ನು ನೀವು ಮೊದಲು ನೋಡಿದ್ದು ಯಾವಾಗ?" ಅಂತ ಕೇಳಬೇಕು. ಗಂಡಸರಿಗೆ ಯಾರಿಗೂ ಉತ್ತರ ಇರಲಿಲ್ಲ. ಹಿರಿಯಜ್ಜಿಗೆ ಚೆನ್ನಾಗಿ ನೆನಪಿತ್ತು. ಯಜಮಾನರು ದಾವಣಗೆರೆಗೆ ಹತ್ತಿ ಮಾರಲು ಹೋಗಿದ್ದರು. ಬರುವಾಗ ದೊಡ್ಡದೊಂದು ಪಾತ್ರೆ ತನ್ನಿ ಅಂತ ಇವರು ಹೇಳಿ ಕಳಿಸಿದ್ದರು. ಅವರು ಗುಜರಿ ಅಂಗಡಿಯಿಂದ ಈ ತಗಡು ಹೊತ್ತು ತಂದರು. "ಪಾತ್ರೆ ಎಲ್ಲಿ ಅಂದ್ರೆ ಇದನ್ನೇ ತೋರಿಸಿದ್ರು. ಅವತ್ತಿನ ಸಿಟ್ಟು ಇನ್ನೂ ಐತೆ." ದೊಡ್ಡ ಮಗಳ ಮದುವೆಯಾದ ಆಚೀಚೆ ವರ್ಷ ಅಂದರು. ಲೆಕ್ಕ ಹಾಕಿದರೆ 1970ರ ನಂತರ. ಲಿಬರೇಟರ್‌ಗಳು ನಿವೃತ್ತಿಯಾಗಿ ಗುಜರಿಗೆ ಬರುವ ಹೊತ್ತಿಗೆ ಸರಿಯಾಗಿ ಕೂರುತ್ತದೆ. ಇಷ್ಟು ವರ್ಷ ಈ ವಿಷಯವನ್ನು ಅಜ್ಜಿಯನ್ನು ಯಾರೂ ಕೇಳಿರಲೇ ಇಲ್ಲ!

ಹಾಗಾದರೆ ಗುಡ್ಡದ ಕಥೆ ಸುಳ್ಳಾ? ಹಾಗೆ ಹೇಳಲು ನನಗೆ ಮನಸ್ಸಿಲ್ಲ. ಪಕ್ಕದ ಊರಿನ ಹಿರಿಯರೊಬ್ಬರು ಹೇಳಿದ್ದು ಸ್ವಲ್ಪ ಬೇರೆ ಥರ ಇತ್ತು. ಅವರ ತಂದೆ ಹೇಳುತ್ತಿದ್ದ ಪ್ರಕಾರ ವಿಮಾನ ಬೀಳಲಿಲ್ಲ, ಬಯಲಲ್ಲಿ ಇಳಿಯಿತು. ಆಮೇಲೆ ಸೈನ್ಯದವರು ಲಾರಿ ತಂದು ಬಿಚ್ಚಿ ಹೇರಿಕೊಂಡು ಹೋದರು. ಇದರಲ್ಲಿ ಉತ್ಪ್ರೇಕ್ಷೆ ಕಮ್ಮಿ. ಇಂಧನ ಮುಗಿದೋ ದಾರಿ ತಪ್ಪಿಯೋ ಬಯಲಲ್ಲಿ ಇಳಿಯುವುದು ಆಗ ಅಪರೂಪವಲ್ಲ, ಮಾಲು ವಾಪಸ್ ಒಯ್ಯಲು ಬೇರೆ ತಂಡಗಳೇ ಇದ್ದವು. ಗುಡ್ಡದ ಮೇಲೆ ನಾವು ನಡೆದು ನೋಡಿದ ಜಾಗದಲ್ಲಿ ಕರಗಿದ ಲೋಹದ ಗಟ್ಟಿಯಾಗಲಿ, ಕಿಟಕಿಗೆ ಹಾಕುತ್ತಿದ್ದ ಗಾಜಿನಂಥ ಪ್ಲಾಸ್ಟಿಕ್ಕಾದ ಪರ್ಸ್‌ಪೆಕ್ಸ್ ಚೂರಾಗಲಿ, ಎಂಜಿನ್ನಿನ ತುಣುಕಾಗಲಿ ಕಾಣಲಿಲ್ಲ. ಎಲ್ಲೂ ಅಗೆಯಲಿಲ್ಲ. ಅಗೆಯಬಾರದು ಕೂಡ. ನಿಜವಾದ ಅಪಘಾತದ ಜಾಗವಾದರೆ ಅಲ್ಲಿ ಸಿಡಿಯದ ಮದ್ದುಗುಂಡು ಇರಬಹುದು, ಸತ್ತವರ ಅವಶೇಷ ಇರಬಹುದು. ಗಡಿಯಾರದಂಥ ಮೀಟರುಗಳು ಸಿಕ್ಕರೆ ಬಿಚ್ಚಲೇಬಾರದು, ಕತ್ತಲಲ್ಲಿ ಹೊಳೆಯಲಿ ಅಂತ ಮುಳ್ಳಿಗೆ ರೇಡಿಯಂ ಬಳಿಯುತ್ತಿದ್ದರು.

ಗುಡ್ಡದ ಕಥೆಗೆ ಉತ್ತರ ಕಾಗದದಲ್ಲಿ ಹುಡುಕಬೇಕು. ಬ್ರಿಟಿಷ್ ವಾಯುಪಡೆಯ ಅಪಘಾತಗಳಿಗೆ ಫಾರ್ಮ್ 1180 ಅನ್ನುವ ಕಾರ್ಡುಗಳಿವೆ, ಲಂಡನ್ನಿನ ಆರ್‌ಎಎಫ್ ಮ್ಯೂಸಿಯಂನಲ್ಲಿ. ಸ್ಕ್ವಾಡ್ರನ್ನುಗಳ ದಿನಚರಿ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದ ಏರ್ 27 ಸರಣಿಯಲ್ಲಿದೆ. ಅಮೆರಿಕದವರು ಕಾಣೆಯಾದ ವಿಮಾನಗಳಿಗೆ ಬೇರೆ ವರದಿ ಬರೆಯುತ್ತಿದ್ದರು. ಯಾರಾದರೂ ಸತ್ತಿದ್ದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಹೆಸರು, ತಾರೀಖು ಇರುತ್ತದೆ. ದಕ್ಷಿಣದ ಚದುರಿದ ಸಮಾಧಿಗಳಲ್ಲಿ ಎಷ್ಟನ್ನೋ ಆಮೇಲೆ ಚೆನ್ನೈನ ಮದ್ರಾಸ್ ಯುದ್ಧ ಸ್ಮಶಾನಕ್ಕೆ ಸೇರಿಸಿದ್ದಾರೆ. ಹುಡುಕುವಾಗ ನಮ್ಮ ಹಳ್ಳಿ ಹೆಸರು ಹಾಕಿದರೆ ಏನೂ ಸಿಗದು. ಬೆಂಗಳೂರಿಂದ ವಾಯವ್ಯಕ್ಕೆ ಇಷ್ಟು ಮೈಲಿ ಅನ್ನುವ ಥರದ ವಿವರ, ಇಲ್ಲವೇ ಬ್ರಿಟಿಷರು ಬರೆಯುತ್ತಿದ್ದ ಚಿತಲ್‌ಡ್ರೂಗ್ ಅನ್ನುವ ಹೆಸರು, ಇವುಗಳಿಂದ ಹುಡುಕಬೇಕು. ಆ ಕೆಲಸವನ್ನು ಮಾಸ್ಕಿಟೊ ಅಂದಿದ್ದ ಹುಡುಗನೇ ಕೈಗೆತ್ತಿಕೊಂಡಿದ್ದಾನೆ.

ಬೋರ್ಡಿನ ವಿಷಯಕ್ಕೆ ಬಂದರೆ, ಹಿರಿಮಗನಿಗೆ ಮೊದಲು ನಿರಾಸೆಯಾಯಿತು. ಗುಜರಿ ಅನ್ನುವ ಪದ ಬೋರ್ಡಿನಲ್ಲಿ ಬೇಡ ಅಂತ ಹಟ ಹಿಡಿದರು. ನಾನು ಬೇಕು ಅಂದೆ. ವಸ್ತು ಬಂದ ದಾರಿಯನ್ನು ಬಿಟ್ಟರೆ ಉಳಿದದ್ದೆಲ್ಲ ಬರೀ ಊಹೆಯಾಗುತ್ತದೆ. ಕೊನೆಗೆ ಒಪ್ಪಿ ಬರೆಸಿದ್ದು ಹೀಗೆ: "ಅಮೆರಿಕದಲ್ಲಿ ತಯಾರಾದ ಲಿಬರೇಟರ್ ವಿಮಾನದ ಹೊದಿಕೆ ತಗಡು. 1954ರ ನಂತರ ರಿಪೇರಿಯಾದದ್ದು. ಭಾರತೀಯ ವಾಯುಪಡೆಯಲ್ಲಿದ್ದ ವಿಮಾನದ್ದು ಇರಬೇಕು. ದಾವಣಗೆರೆಯ ಗುಜರಿ ಅಂಗಡಿಯಿಂದ ತಂದದ್ದೆಂದು ಮನೆಯವರ ನೆನಪು. ಹಗೇವಿನ ಮುಚ್ಚಳವಾಗಿ ಬಳಕೆಯಲ್ಲಿತ್ತು." ಗುಡ್ಡದ ಕಥೆಯನ್ನು, ಯಾರು ಹೇಳಿದರು, ಯಾರಿಂದ ಕೇಳಿದ್ದು ಅನ್ನುವುದರ ಸಮೇತ ಬೇರೆ ಹಾಳೆಯಲ್ಲಿ ಬರೆದು ಪ್ರತ್ಯೇಕ ಫೈಲಿನಲ್ಲಿಟ್ಟಿದ್ದೇವೆ. ತೋಟಾ ಕೋಶ ಅದರಲ್ಲೇ ಇದೆ, ಎಲ್ಲಿ ಸಿಕ್ಕಿತು ಗೊತ್ತಿಲ್ಲ ಅನ್ನುವ ಚೀಟಿಯ ಜೊತೆ.